ಉಟ್ರೆಕ್ಟಿನ ಎರಡು ದೀಪಗಳು

ನಾವು ರೂಢಿಯಲ್ಲಿ ಹಾಲೆಂಡ್ ಎಂದು ಕರೆಯುವ ನೆದರ್ಲೆಂಡ್ಸ್ ದೇಶದ ನಡುಭಾಗದಲ್ಲಿ ಉಟ್ರೆಕ್ಟ್ ಎಂಬ ಹಳೆಯ ಊರಿದೆ. 1636ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ, ಊರ ನಡುವೆ ಸಾಗುವ ಕಾಲುವೆ, ಅದರ ಎರಡು ದಡಗಳಲ್ಲೂ ನೀರಿನ ಮಟ್ಟಕ್ಕೇ ಕಟ್ಟಿದ ನೆಲಮಾಳಿಗೆಗಳು, ಇವೆಲ್ಲವುಗಳ ಮೇಲೆ ತಲೆಯೆತ್ತಿ ನಿಂತ 112 ಮೀಟರ್ ಎತ್ತರದ ಡೋಮ್ ಗೋಪುರ, ಪ್ರವಾಸಿಗರು ನೋಡಲು ಬರುವುದು ಇವುಗಳನ್ನೇ. 2022ರ ನವೆಂಬರಿನಲ್ಲಿ ನಾನು ಮಗಳ ಮನೆಗೆಂದು ಅಲ್ಲಿಗೆ ಹೋದಾಗ ಗೋಪುರದ ದುರಸ್ತಿ ನಡೆದೇ ಇತ್ತು. ಆದರೂ ಮಗಳು ಬಿಡುವು ಮಾಡಿಕೊಂಡು ನನಗೆ ಎಲ್ಲವನ್ನೂ ಪ್ರೀತಿಯಿಂದ ತೋರಿಸಿದಳು. ಊರಿಗೆ ಮರಳಿದ ಮೇಲೆ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಉಳಿದಿರುವುದು ಮಾತ್ರ ಗೋಪುರವೂ ಅಲ್ಲ, ಕಾಲುವೆಯೂ ಅಲ್ಲ. ಸೈಕಲ್ಲಿಗೆ ಕಟ್ಟುವ ಎರಡು ಪುಟ್ಟ ದೀಪಗಳು.

ಆ ದೇಶದಲ್ಲಿ ಜನರ ಸಂಖ್ಯೆಗಿಂತ ಸೈಕಲ್ಲುಗಳ ಸಂಖ್ಯೆಯೇ ಹೆಚ್ಚು. ಉಟ್ರೆಕ್ಟಿನ ರೈಲು ನಿಲ್ದಾಣದ ಕೆಳಗೆ ಸೈಕಲ್ ನಿಲ್ಲಿಸಲೆಂದೇ ಮೂರು ಅಂತಸ್ತಿನ ತಾಣವೊಂದಿದೆ. 2019ರಲ್ಲಿ ಪೂರ್ಣಗೊಂಡ ಈ ತಾಣದಲ್ಲಿ 12,500 ಸೈಕಲ್ಲುಗಳನ್ನು ನಿಲ್ಲಿಸಬಹುದು. ಇಳಿಯದೆಯೇ ಸೈಕಲ್ ತುಳಿಯುತ್ತ ಒಳಗೆ ಹೋಗಬಹುದೆಂಬುದು ನನಗೆ ಸೋಜಿಗವೆನಿಸಿತು. ಶಾಲೆಯ ಮಕ್ಕಳು, ಪ್ರಾಧ್ಯಾಪಕರು, ಕಚೇರಿಯ ಅಧಿಕಾರಿಗಳು, ಎಪ್ಪತ್ತು ದಾಟಿದ ಅಜ್ಜಿಯರು, ಎಲ್ಲರಿಗೂ ಸೈಕಲ್ಲೇ ವಾಹನ. ಅದು ಬಡತನದ ಗುರುತೂ ಅಲ್ಲ, ಸಿರಿತನದ ಷೋಕಿಯೂ ಅಲ್ಲ.

ನವೆಂಬರ್ ಕೊನೆಯ ಹೊತ್ತಿಗೆ ಅಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಬೆಳಿಗ್ಗೆ ಎಂಟು ದಾಟಿದರೂ ಮೂಡುವುದಿಲ್ಲ. ಮೇಲೆ ಜಿಟಿಜಿಟಿ ಮಳೆ. ಹೀಗಾಗಿ ಕತ್ತಲಲ್ಲಿ ಸೈಕಲ್ ತುಳಿಯುವುದು ಅಲ್ಲಿಯವರಿಗೆ ಅಪರೂಪದ ಸಾಹಸವಲ್ಲ, ದಿನನಿತ್ಯದ ಬಾಳು. ಮಗಳ ಮನೆಯ ಕಿಟಕಿಯಲ್ಲಿ ಕುಳಿತರೆ ಎದುರಿನ ಸೈಕಲ್ ದಾರಿಯಲ್ಲಿ ಬರುವವರ ಬಿಳಿಯ ಬೆಳಕು ಒಂದು ಸಾಲಾಗಿ, ಹೋಗುವವರ ಕೆಂಪು ಬೆಳಕು ಇನ್ನೊಂದು ಸಾಲಾಗಿ ಹರಿಯುತ್ತಿತ್ತು. ನೋಡಲು ಚೆಂದವಾಗಿತ್ತು. ಆದರೆ ಹತ್ತು ವರ್ಷದ ಮೊಮ್ಮಗಳು ಈಜು ಕಲಿಯಲು ಸಂಜೆ ಆರಕ್ಕೆ ಸೈಕಲ್ಲಿನ ಮೇಲೆ ಹೊರಟು ನಿಂತಾಗ ನನ್ನ ಎದೆ ಝಲ್ಲೆಂದಿತು. ಅವಳ ಸೈಕಲ್ಲಿನ ಹಿಂದಿನ ದೀಪ ಎರಡು ದಿನಗಳ ಹಿಂದೆಯೇ ಕೆಟ್ಟಿತ್ತು.

“ಇಂದು ಹೋಗುವುದು ಬೇಡ” ಎಂದೆ. “ತಾಯಿ ಜೊತೆಗಿರುತ್ತಾಳೆ, ಆಯಿ” ಎಂದಳು ಮೊಮ್ಮಗಳು. ನಾನು ಬಾಗಿಲಿಗೆ ಅಡ್ಡವಾಗಿ ನಿಂತೆ. ಮಗಳು ನನ್ನ ಮುಖವನ್ನು ನೋಡಿ ಮರುಮಾತಾಡದೆ ಸೈಕಲ್ಲನ್ನು ಒಳಗಿಟ್ಟಳು. ಆ ರಾತ್ರಿ ನಾನು ಅವಳಿಗೆ ಅಣ್ಣನ ಕಥೆಯನ್ನು ಮೊದಲ ಬಾರಿಗೆ ಪೂರ್ತಿಯಾಗಿ ಹೇಳಿದೆ.

ನಮ್ಮೂರು ಬೈಲಹೊಂಗಲದ ಕಡೆಯದು. ಅಪ್ಪ ಅಲ್ಲಿಯ ಶಾಲೆಯ ಮಾಸ್ತರರು. 1974ರಲ್ಲಿ ಅಣ್ಣನಿಗೆ ತಾಲೂಕಿನ ಊರಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಅಪ್ಪ ಸಾಲ ಮಾಡಿ ಸೈಕಲ್ ಕೊಡಿಸಿದರು. ರಾತ್ರಿ ಬರಬೇಕಾದವನೆಂದು ಡೈನಮೊ ದೀಪವನ್ನೂ ಹಾಕಿಸಿದರು. ಸೀಸೆಯಾಕಾರದ ಆ ಡೈನಮೊ ಗಾಲಿಯ ಟಾಯರಿಗೆ ತಾಗಿ ತಿರುಗುವಾಗ ಗುಂಯ್ ಎನ್ನುವ ಸದ್ದು ಊರ ಅಗಸಿಯವರೆಗೂ ಕೇಳುತ್ತಿತ್ತು. ಆ ಸದ್ದು ಕೇಳಿದೊಡನೆ ಅವ್ವ ರೊಟ್ಟಿಯ ಹೆಂಚನ್ನು ಒಲೆಗೆ ಏರಿಸುತ್ತಿದ್ದಳು.

ಡೈನಮೊದ ಗುಣವನ್ನು ಹಳಬರೆಲ್ಲ ಬಲ್ಲರು. ಗಾಲಿ ಜೋರಾಗಿ ತಿರುಗಿದರೆ ದೀಪ ಪ್ರಜ್ವಲಿಸುತ್ತದೆ, ನಿಧಾನವಾದರೆ ಮಂಕಾಗುತ್ತದೆ, ಗಾಲಿ ನಿಂತರೆ ದೀಪವೂ ಆರುತ್ತದೆ. ಸುಗ್ಗಿಯ ಒಂದು ರಾತ್ರಿ ಅಣ್ಣ ಊರ ಹತ್ತಿರದ ಏರಿನಲ್ಲಿ ಇಳಿದು ಸೈಕಲ್ಲನ್ನು ನೂಕಿಕೊಂಡು ಬರುತ್ತಿದ್ದ. ದೀಪ ಆರಿತ್ತು. ಹಿಂದಿನ ದೀಪ ಎಂಬುದು ಆ ಸೈಕಲ್ಲಿಗೆ ಇರಲೇ ಇಲ್ಲ. ಹಿಂದಿನ ಮಡ್‌ಗಾರ್ಡಿನ ತುದಿಗೆ ಬಿಳಿಯ ಬಣ್ಣವೂ ಒಂದು ಕೆಂಪು ಗಾಜೂ ಇದ್ದವು. ಆದರೆ ಕ್ಯಾರಿಯರಿನಲ್ಲಿ ಕಟ್ಟಿದ್ದ ಹಿಟ್ಟಿನ ಚೀಲ ಜೋತುಬಿದ್ದು ಅವೆರಡನ್ನೂ ಮುಚ್ಚಿತ್ತು. ಹಿಂದಿನಿಂದ ಲಾರಿ ಬಂದಿತು.

ಲಾರಿಯವನು ಓಡಿಹೋಗಲಿಲ್ಲ. ಅಣ್ಣನನ್ನು ತಾನೇ ಎತ್ತಿಕೊಂಡು ನಮ್ಮ ಮನೆಗೆ ಬಂದ. ಅಂಗಳದಲ್ಲಿ ಕುಸಿದು ಕುಳಿತು, “ಕಾಣಲಿಲ್ರೀ ಮಾಸ್ತರ, ಖರೇನ ಕಾಣಲಿಲ್ಲ” ಎಂದು ಅಳುತ್ತಿದ್ದ. ನನಗೆ ಆಗ ಹನ್ನೆರಡು ವರ್ಷ. ಅವನು ಸುಳ್ಳು ಹೇಳುತ್ತಿದ್ದಾನೆಂದು ಬಹುಕಾಲ ನಂಬಿದ್ದೆ. ಅವನು ನಿಜವನ್ನೇ ಹೇಳಿದ್ದನೆಂದು ನನಗೆ ಮನವರಿಕೆಯಾದದ್ದು ನಲವತ್ತೆಂಟು ವರ್ಷಗಳ ಮೇಲೆ, ಉಟ್ರೆಕ್ಟಿನ ಒಂದು ಸೈಕಲ್ ಅಂಗಡಿಯಲ್ಲಿ.

ಮರುದಿನ ನಾವು ಮೂವರೂ ಆ ಅಂಗಡಿಗೆ ಹೋದೆವು. ಅಂಗಡಿಯ ಯಜಮಾನರು ವಯಸ್ಸಾದವರು. ಕೈತುಂಬ ಎಣ್ಣೆಯ ಮಸಿ. ದೀಪ ಬೇಕೆಂದಾಗ ಅವರು ದೀಪವನ್ನು ತೋರಿಸಲಿಲ್ಲ. ಮೂರು ಪ್ರಶ್ನೆ ಕೇಳಿದರು. ನೀವು ಹೋಗುವ ದಾರಿಯಲ್ಲಿ ಬೀದಿದೀಪಗಳಿವೆಯೇ? ಸೈಕಲ್ಲನ್ನು ರಾತ್ರಿ ಹೊರಗೆ ನಿಲ್ಲಿಸುವಿರಾ? ದೀಪಕ್ಕೆ ವಿದ್ಯುತ್ತು ತುಂಬುವುದನ್ನು ಮರೆಯುವ ಸ್ವಭಾವವೇ? ಆಮೇಲೆ ಅವರು ಹೇಳಿದ ಮಾತಿನ ಸಾರ ಇದು: ಸೈಕಲ್ಲಿನ ದೀಪಕ್ಕೆ ಎರಡು ಕೆಲಸಗಳಿವೆ. ಒಂದು, ನಾವು ದಾರಿಯನ್ನು ನೋಡುವುದು. ಇನ್ನೊಂದು, ದಾರಿಯಲ್ಲಿರುವ ಇತರರಿಗೆ ನಾವು ಕಾಣುವುದು. ಬೀದಿದೀಪಗಳಿರುವ ಊರೊಳಗೆ ಮೊದಲನೆಯದಕ್ಕಿಂತ ಎರಡನೆಯದೇ ಮುಖ್ಯ. ಅದಕ್ಕೆ ದೊಡ್ಡ ದೀಪ ಬೇಕಿಲ್ಲ. ಬೀದಿದೀಪಗಳಿಲ್ಲದ ದಾರಿಗೆ ಮಾತ್ರ ನೆಲವನ್ನು ಬೆಳಗುವ ಬಲವಾದ ಮುಂದಿನ ದೀಪ ಬೇಕು.

ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯದೆ ಹೋದುದು ಈ ಎರಡನೆಯ ಕೆಲಸವೇ. ಅಣ್ಣ ದಾರಿ ಕಾಣಲೆಂದು ಅಪ್ಪ ಸಾಲ ಮಾಡಿ ದೀಪ ಹಾಕಿಸಿದರು. ಅಣ್ಣ ಕಾಣಬೇಕೆಂದು ನಾವು ಏನನ್ನೂ ಮಾಡಲಿಲ್ಲ.

ಅಲ್ಲಿಯ ಕಾನೂನು ಸರಳವಾಗಿದೆ. ಕತ್ತಲಲ್ಲಿ ಮುಂದೆ ಬಿಳಿ ಅಥವಾ ಹಳದಿ ದೀಪ, ಹಿಂದೆ ಕೆಂಪು ದೀಪ ಇರಲೇಬೇಕು. ದೀಪವನ್ನು ಸೈಕಲ್ಲಿಗೇ ಕಟ್ಟಬೇಕೆಂದಿಲ್ಲ. ಎದೆಗೂ ಬೆನ್ನಿಗೂ ಸಿಕ್ಕಿಸಿಕೊಳ್ಳಬಹುದು, ಆದರೆ ತಲೆಗೆ ಅಥವಾ ಕಾಲಿಗೆ ಕಟ್ಟಿಕೊಳ್ಳುವಂತಿಲ್ಲ. ದೀಪ ಮಿನುಗಕೂಡದು, ಸ್ಥಿರವಾಗಿ ಉರಿಯಬೇಕು. ಮಿನುಗುವ ದೀಪ ಬೇಗ ಕಣ್ಣಿಗೆ ಬೀಳುವುದು ನಿಜ. ಆದರೆ ಅದು ಎಷ್ಟು ದೂರದಲ್ಲಿದೆ ಎಂದು ಅಂದಾಜು ಮಾಡುವುದು ಕಷ್ಟ. ಇವಲ್ಲದೆ ಹಿಂದೆ ಕೆಂಪು ರಿಫ್ಲೆಕ್ಟರು, ಪೆಡಲುಗಳಲ್ಲಿ ಹಳದಿ ರಿಫ್ಲೆಕ್ಟರು, ಗಾಲಿಗಳಲ್ಲಿ ಬಿಳಿ ಅಥವಾ ಹಳದಿಯವು ಇರಬೇಕು. ರಿಫ್ಲೆಕ್ಟರಿಗೆ ತನ್ನದೇ ಆದ ಬೆಳಕಿಲ್ಲ. ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಮರಳಿಸುತ್ತದೆ. ಆದ್ದರಿಂದ ಅದು ದೀಪಕ್ಕೆ ಜೊತೆಗಾರನೇ ಹೊರತು ಬದಲಿಯಲ್ಲ.

ಅಂಗಡಿಯಲ್ಲಿ ಮುಖ್ಯವಾಗಿ ಮೂರು ಬಗೆಯ ದೀಪಗಳಿದ್ದವು. ಮೊದಲನೆಯದು ಗುಂಡಿಯಂಥ ಸಣ್ಣ ಸೆಲ್ಲಿನಿಂದ ಉರಿಯುವ, ರಬ್ಬರಿನ ಪಟ್ಟಿಯಿಂದ ಸಿಕ್ಕಿಸುವ ಅಗ್ಗದ ದೀಪ. ಎರಡನೆಯದು ಮೊಬೈಲ್ ಫೋನಿನಂತೆ ಚಾರ್ಜ್ ಮಾಡುವ ದೀಪ. ಇವೆರಡನ್ನೂ ಸೈಕಲ್ಲಿನಲ್ಲೇ ಬಿಟ್ಟರೆ ಕಳ್ಳರ ಪಾಲು; ಬಿಚ್ಚಿ ಒಳಗೆ ತಂದರೆ ಹೊರಡುವಾಗ ಮರೆವು. ಮೂರನೆಯದು ಮುಂದಿನ ಗಾಲಿಯ ನಡುವಿನ ಹಬ್ಬಿನೊಳಗೇ ಅಡಗಿದ ಡೈನಮೊದಿಂದ ಉರಿಯುವ ದೀಪ. ಅದಕ್ಕೆ ಬೆಲೆ ಹೆಚ್ಚು, ಆದರೆ ಚಾರ್ಜಿನ ಚಿಂತೆಯಿಲ್ಲ, ಟಾಯರಿನ ತಿಕ್ಕಾಟವಿಲ್ಲ, ಸದ್ದಿಲ್ಲ. ಪೆಟ್ಟಿಗೆಗಳ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿದ್ದ ‘ಲ್ಯೂಮೆನ್’ ಸಂಖ್ಯೆಗೆ ಮರುಳಾಗಬೇಡಿರೆಂದು ಯಜಮಾನರು ಎಚ್ಚರಿಸಿದರು. ಅದು ದೀಪ ಹೊರಚೆಲ್ಲುವ ಒಟ್ಟು ಬೆಳಕಿನ ಅಳತೆ. ಆ ಬೆಳಕು ದಾರಿಯ ಮೇಲೆ ಬೀಳುವುದೋ, ಎದುರು ಬರುವವರ ಕಣ್ಣಿಗೆ ರಾಚುವುದೋ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ.

ಡೈನಮೊ ಎಂಬ ಶಬ್ದ ಕೇಳಿದೊಡನೆ ನಾನು ಬೇಡವೆಂದೆ. “ನಿಂತರೆ ಆರುತ್ತದೆ” ಎಂದೆ. ಮಗಳು ಅದನ್ನು ಯಜಮಾನರಿಗೆ ತಿಳಿಸಿದಳು. ಅವರು ನಕ್ಕು ಒಂದು ಸೈಕಲ್ಲಿನ ಮುಂಗಾಲಿಯನ್ನು ಎತ್ತಿ ಕೈಯಿಂದ ತಿರುಗಿಸಿದರು. ಮುಂದೆ ಬಿಳಿ, ಹಿಂದೆ ಕೆಂಪು, ಎರಡೂ ದೀಪಗಳು ಬೆಳಗಿದವು. ಆಮೇಲೆ ಗಾಲಿಯನ್ನು ಹಿಡಿದು ನಿಲ್ಲಿಸಿದರು. ದೀಪ ಆರಲಿಲ್ಲ. ದೀಪದೊಳಗಿನ ಪುಟ್ಟ ಕೆಪಾಸಿಟರೊಂದು ಗಾಲಿ ತಿರುಗುವಾಗ ಸ್ವಲ್ಪ ವಿದ್ಯುತ್ತನ್ನು ಕೂಡಿಟ್ಟುಕೊಂಡು, ನಿಂತ ಮೇಲೂ ಕೆಲವು ನಿಮಿಷ ದೀಪವನ್ನು ಉರಿಸುತ್ತದೆಯಂತೆ. ಕಡಿಮೆ ವಿದ್ಯುತ್ತಿನಲ್ಲಿ ಉರಿಯುವ ಎಲ್‌ಇಡಿ ದೀಪಗಳು ಬಂದ ಮೇಲೆ ಇದು ಸುಲಭವಾಗಿದೆ. ನಿಂತ ಗಾಲಿಯ ಹಿಂದೆ ಉರಿಯುತ್ತಿದ್ದ ಆ ಕೆಂಪು ಚುಕ್ಕೆಯನ್ನು ನೋಡುತ್ತ ನನಗೆ ದುಃಖ ಉಮ್ಮಳಿಸಿ ಬಂದಿತು. ಮೊಮ್ಮಗಳು ನನ್ನ ಕೈಯನ್ನು ಹಿಡಿದುಕೊಂಡಳು.

ಮಗಳ ಸೈಕಲ್ಲಿಗೆ ಆ ಬಗೆಯ ದೀಪ, ಬೆಳೆಯುವ ಮೊಮ್ಮಗಳಿಗೆ ಸೈಕಲ್ ಬದಲಾಗುತ್ತಲೇ ಇರುವುದರಿಂದ ಚಾರ್ಜ್ ಮಾಡುವ ಒಂದು ಜೊತೆ ದೀಪ, ಹೀಗೆ ಕೊಂಡೆವು. ಪ್ರತಿ ಭಾನುವಾರ ಸಂಜೆ ಫೋನುಗಳ ಪಕ್ಕದಲ್ಲಿ ದೀಪಗಳನ್ನೂ ಚಾರ್ಜಿಗೆ ಇಡುವ ಹೊಣೆ ಮೊಮ್ಮಗಳದೇ ಆಯಿತು. ಊರಂಚಿನಲ್ಲಿ ಕ್ರೊಮೆ ರೈನ್ ಎಂಬ ಪುಟ್ಟ ಹೊಳೆಯ ದಂಡೆಯಲ್ಲಿ ಅಮೆಲಿಸ್‌ವೇರ್ಡ್ ಎಂಬ ತೋಪಿದೆ. ಒಂದು ಸಂಜೆ ಅಲ್ಲಿ ನಾನು ದಾರಿಯ ಬದಿಗೆ ನಿಂತು, ಅವರಿಬ್ಬರನ್ನೂ ಮುಂದೆ ಹೋಗಲು ಹೇಳಿದೆ. ಮರಗಳ ಕತ್ತಲಲ್ಲಿ ಮೊದಲು ಅವರ ಕೋಟು ಮರೆಯಾಯಿತು, ಆಮೇಲೆ ಸೈಕಲ್ ಮರೆಯಾಯಿತು. ಎರಡು ಕೆಂಪು ಚುಕ್ಕೆಗಳು ಮಾತ್ರ ಬಹುದೂರದವರೆಗೆ ಕಾಣುತ್ತಿದ್ದವು. ನಿಲ್ಲಿರೆಂದು ಕೂಗಿದೆ. ನಿಂತರು. ಚುಕ್ಕೆಗಳು ಹಾಗೆಯೇ ಇದ್ದವು. ಮುಂದಿನ ವಾರ ಮೊಮ್ಮಗಳು ಈಜಿಗೆ ಹೊರಟಾಗ ನಾನು ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ.

ನಮ್ಮ ನಾಡಿಗೂ ಆ ನಾಡಿಗೂ ಹೋಲಿಕೆಯಿಲ್ಲವೆಂದು ಓದುಗರು ಹೇಳಬಹುದು. ಅಲ್ಲಿ ಸೈಕಲ್ಲಿಗೇ ಬೇರೆ ದಾರಿಗಳಿವೆ. ನಮ್ಮಲ್ಲಿ ಲಾರಿ, ಬಸ್ಸು, ಕಬ್ಬು ಹೇರಿದ ಟ್ರ್ಯಾಕ್ಟರು, ಎತ್ತಿನ ಚಕ್ಕಡಿ, ಎಲ್ಲಕ್ಕೂ ಒಂದೇ ರಸ್ತೆ. ಹಾಗಿರುವುದರಿಂದಲೇ ಹಿಂದಿನ ಕೆಂಪು ದೀಪದ ಅವಶ್ಯಕತೆ ಅವರಿಗಿಂತ ನಮಗೆ ಹೆಚ್ಚಲ್ಲವೇ? ನಾನೂ ಅಪ್ಪನಂತೆ ಶಿಕ್ಷಕಿಯಾದವಳು. 2006-07ರಿಂದ ಹಲವು ವರ್ಷ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿದಾಗ ನನ್ನ ಕೈಯಿಂದಲೇ ಎಷ್ಟೋ ಸೈಕಲ್ಲುಗಳನ್ನು ಮಕ್ಕಳಿಗೆ ಕೊಟ್ಟೆ. “ಹಿಂದೆ ಒಂದು ದೀಪ ಕಟ್ಟಿಸಿರಿ” ಎಂದು ಪಾಲಕರಿಗೆ ಹೇಳಬೇಕೆಂದು ನನಗೆ ಒಮ್ಮೆಯೂ ತೋಚಲಿಲ್ಲ. ಅಣ್ಣನನ್ನು ಕಳೆದುಕೊಂಡ ನನಗೇ ತೋಚದಿದ್ದರೆ ಇನ್ನಾರಿಗೆ ತೋಚೀತು?

ಆದ್ದರಿಂದ ಅನುಭವದ ನಾಲ್ಕು ಮಾತುಗಳನ್ನು ಇಲ್ಲಿ ಹೇಳಿ ಮುಗಿಸುತ್ತೇನೆ. ಒಂದೇ ದೀಪಕ್ಕೆ ಹಣವಿದ್ದರೆ ಮೊದಲು ಹಿಂದಿನ ಕೆಂಪು ದೀಪವನ್ನು ಕೊಳ್ಳಿರಿ. ಮುಂದಿನದನ್ನು ಕೊಳ್ಳುವವರೆಗೆ ಮಕ್ಕಳನ್ನು ಬೀದಿದೀಪಗಳಿರುವ ದಾರಿಯಲ್ಲೇ ಕಳಿಸಿರಿ. ಕೆಂಪು ದೀಪವನ್ನು ಚೀಲ, ಸೆರಗು, ಮೇವಿನ ಹೊರೆ ಯಾವುದೂ ಮುಚ್ಚದಂತೆ ಕ್ಯಾರಿಯರಿನ ತುದಿಗೆ ಭದ್ರವಾಗಿ ಕಟ್ಟಿಸಿರಿ. ಮುಂದಿನ ದೀಪ ನೆಲದ ಕಡೆಗೆ ತುಸು ಬಾಗಿರಲಿ. ಎದುರಿನವನ ಕಣ್ಣು ಕುಕ್ಕಿಸಿದರೆ ಅಪಾಯ ನಮಗೇ. ಮಳೆಯ ನೀರು ಹೋಗದಂಥ ದೀಪವನ್ನೇ ಆರಿಸಿರಿ. ಚಕ್ಕಡಿ, ಟ್ರೇಲರುಗಳಿರುವ ಮನೆಯವರು ಅವುಗಳ ಹಿಂದೆಯೂ ಹೊಳೆಯುವ ಕೆಂಪು ಪಟ್ಟಿ ಅಂಟಿಸಿರಿ. ಅದರ ಖರ್ಚು ಬಹಳವಲ್ಲ.

ಉಟ್ರೆಕ್ಟಿನಿಂದ ಬರುವಾಗ ನಾನು ಎರಡು ಕೆಂಪು ದೀಪಗಳನ್ನು ತಂದಿದ್ದೆ. ಒಂದು, ನಸುಕಿನಲ್ಲಿ ನಮ್ಮ ಓಣಿಗೆ ಹಾಲು ತರುವ ಹುಡುಗನ ಸೈಕಲ್ಲಿನಲ್ಲಿದೆ. ಇನ್ನೊಂದನ್ನು ನೋಡಿ ನಮ್ಮೂರಿನ ಸೈಕಲ್ ರಿಪೇರಿಯವನು, “ಇಂಥಾವು ಇಲ್ಲೂ ಸಿಗ್ತಾವ್ರೀ ಅಕ್ಕಾರ, ಯಾರೂ ಕೇಳಂಗಿಲ್ಲ” ಎಂದ. ಅವನ ಮಾತು ನಿಜ. ಸಂತೆಯಿರುವ ಯಾವ ಊರಲ್ಲಾದರೂ ಅವು ಸಿಗುತ್ತವೆ, ಕೇಳುವವರು ಬೇಕು.

ಇಂದು ಕತ್ತಲಾದ ಮೇಲೆ ನಿಮ್ಮ ಮನೆಯ ಸೈಕಲ್ಲನ್ನು ಬೀದಿಯಲ್ಲಿ ನಿಲ್ಲಿಸಿ, ನೂರು ಹೆಜ್ಜೆ ಹಿಂದೆ ಹೋಗಿ ತಿರುಗಿ ನೋಡಿರಿ. ಅದು ನಿಮಗೇ ಕಾಣದಿದ್ದರೆ ಲಾರಿಯವನಿಗೂ ಕಾಣುವುದಿಲ್ಲ.