ಯಂತ್ರಕ್ಕೂ ಮರೆವು

ಚನ್ನಪಟ್ಟಣದ ನಮ್ಮ ಶಾಲೆಯ ಕಂಪ್ಯೂಟರಿಗೆ ಕಳೆದ ಮಾರ್ಚಿನಲ್ಲಿ ಮರೆವು ಹತ್ತಿತು. ಅಂಕಪಟ್ಟಿ ತೆರೆದರೆ ಸಾಕು, ನೀಲಿ ಪರದೆ ತೋರಿಸಿ ಮಲಗಿಬಿಡುತ್ತಿತ್ತು. ‘ವೈರಸ್ಸು ಸಾರ್’ ಎಂದರು ಗುಮಾಸ್ತರು. ಈಗ ಯಾವ ಯಂತ್ರ ಕೆಟ್ಟರೂ ವೈರಸ್ಸೇ. ಹಿಂದೆ ದೃಷ್ಟಿ ತಾಗುತ್ತಿತ್ತು.

ನನಗೆ ಅನುಮಾನ ಬಂದದ್ದು ರ‍್ಯಾಮ್ ಮೇಲೆ. ಅದರೊಳಗೆ ಒಂದೊಂದು ಬಿಟ್ಟೂ ಪುಟ್ಟ ಕೆಪಾಸಿಟರಿನಲ್ಲಿರುವ ವಿದ್ಯುದಾವೇಶ. ತೂತು ಬಿಂದಿಗೆಯಂತೆ ಸೋರುತ್ತಲೇ ಇರುತ್ತದೆ; ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಮತ್ತೆ ತುಂಬಬೇಕು. ದ್ವಿಮಾನದಲ್ಲಿ 99 ಎಂದರೆ 1100011. ಮೊದಲ ಒಂದು ಸೋರಿ ಸೊನ್ನೆಯಾದರೆ ಉಳಿಯುವುದು 35! ಯಂತ್ರ ನಿಂತರೆ ಚಿಂತೆಯಿಲ್ಲ, ನಿಲ್ಲದೆ ತಪ್ಪು ಬರೆದರೆ ಮಕ್ಕಳ ಗತಿಯೇನು?

ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್ ಎಂಬ ಪರೀಕ್ಷೆಯನ್ನು ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ಪರದೆ ತುಂಬ ಕೆಂಪು ಸಾಲು. ಇದ್ದ ಎರಡು ರ‍್ಯಾಮ್ ಪಟ್ಟಿಗಳನ್ನು ಒಂದೊಂದಾಗಿ, ಸ್ಲಾಟು ಬದಲಿಸಿ ಹಾಕಿ ನೋಡಿದೆ. ಎಲ್ಲಿ ಹಾಕಿದರೂ ತಪ್ಪು ಒಂದೇ ಪಟ್ಟಿಯ ಬೆನ್ನು ಹತ್ತಿತು; ಸ್ಲಾಟು ನಿರಪರಾಧಿ. ಅದರ ತುದಿಯನ್ನು ರಬ್ಬರಿನಿಂದ ಉಜ್ಜಿದರೂ ಫಲವಿಲ್ಲ.

ಕೆಟ್ಟದ್ದನ್ನೇ ಜೇಬಿನಲ್ಲಿಟ್ಟು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಡಿಡಿಆರ್3ಕ್ಕೂ ಡಿಡಿಆರ್4ಕ್ಕೂ ಕಚ್ಚಿನ ಜಾಗವೇ ಬೇರೆ, ಒಂದಕ್ಕೆ 1.5 ವೋಲ್ಟ್, ಇನ್ನೊಂದಕ್ಕೆ 1.2. ಮಾದರಿ ಕೈಯಲ್ಲಿದ್ದರೆ ವಾದವಿಲ್ಲ. ಅಂಗಡಿಯವರು ಹಳೆಯ ಯಂತ್ರದಿಂದ ಕಿತ್ತದ್ದನ್ನು ಅರ್ಧ ಬೆಲೆಗೆ ತೋರಿಸಿದರು. ಬಿಲ್ಲಿಲ್ಲ, ವಾರಂಟಿಯಿಲ್ಲ. ಸೀಲು ಒಡೆಯದ್ದನ್ನೇ, ಬಿಲ್ಲಿನಲ್ಲಿ ಕ್ರಮಸಂಖ್ಯೆ ಬರೆಸಿಕೊಂಡು ತಂದೆ.

ಹೊಸದಕ್ಕೂ ರಾತ್ರಿಯಿಡೀ ಪರೀಕ್ಷೆ. ಹೊಸಬರೆಂದು ಬಿಡುವ ಮೇಷ್ಟ್ರು ನಾನಲ್ಲ. ಒಂದೂ ಕೆಂಪು ಸಾಲಿಲ್ಲ. ಆಮೇಲೆ ಅಂಕಪಟ್ಟಿಯನ್ನು ಕಾಗದದ ರಿಜಿಸ್ಟರಿನೊಂದಿಗೆ ತಾಳೆ ನೋಡಲು ಕುಳಿತೆವು. ಎಂಟನೇ ‘ಬಿ’ಯಲ್ಲಿ ಎರಡು ಕಡೆ ಅಂಕ ಬೇರೆ ಇತ್ತು. ಗುಮಾಸ್ತರು ಏನೂ ಹೇಳದೆ, ಇಡೀ ತರಗತಿಯದನ್ನು ಮತ್ತೆ ಟೈಪು ಮಾಡತೊಡಗಿದರು.