ಪರೀಕ್ಷೆ ಯಾರಿಗೆ?

ಹೊಸ ಖಾತೆ ತೆರೆಯಲು ಬಂದಿರುವುದು ಮನುಷ್ಯನೋ ತಂತ್ರಾಂಶವೋ ಎಂದು ಗುರುತಿಸುವ ಸ್ವಯಂಚಾಲಿತ ಪರೀಕ್ಷೆಯಾದ ಕ್ಯಾಪ್ಚಾ ಬೆಳೆದದ್ದೇ ನಕಲಿ ನೋಂದಣಿಗಳ ಹಾವಳಿಯಿಂದ. 2000ದ ಸುಮಾರಿಗೆ ಬಾಟ್‌ಗಳು, ಅಂದರೆ ತಾವಾಗಿಯೇ ಅರ್ಜಿ ತುಂಬುವ ತಂತ್ರಾಂಶಗಳು, ಯಾಹೂವಿನಲ್ಲಿ ರಾಶಿರಾಶಿಯಾಗಿ ಉಚಿತ ಇಮೇಲ್ ಖಾತೆಗಳನ್ನು ತೆರೆದು ಸ್ಪ್ಯಾಮ್ ಕಳಿಸತೊಡಗಿದಾಗ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮ್ಯಾನುಯೆಲ್ ಬ್ಲಮ್, ಲೂಯಿಸ್ ವಾನ್ ಆನ್ ಮತ್ತು ಅವರ ಸಂಗಡಿಗರು, ಸೊಟ್ಟಗಿನ ಅಕ್ಷರಗಳನ್ನು ಮನುಷ್ಯ ಓದಬಲ್ಲ, ಯಂತ್ರ ಓದಲಾರದು ಎಂಬ ನಂಬಿಕೆಯ ಮೇಲೆ ಈ ಪರೀಕ್ಷೆಯನ್ನು ಕಟ್ಟಿದರು.

ಆ ನಂಬಿಕೆ ಹೆಚ್ಚು ಕಾಲ ಉಳಿಯಲಿಲ್ಲ. ಅತಿ ಕಠಿಣವಾದ ಸೊಟ್ಟಕ್ಷರಗಳನ್ನೂ ಯಂತ್ರವು ಶೇ. 99.8ರಷ್ಟು ನಿಖರವಾಗಿ ಓದಬಲ್ಲದೆಂದು 2014ರಲ್ಲಿ ಗೂಗಲ್ ಸಂಸ್ಥೆಯೇ ಪ್ರಕಟಿಸಿತು. ಯಂತ್ರ ಸೋತಲ್ಲಿ ಪುಡಿಗಾಸಿಗೆ ಒಗಟು ಬಿಡಿಸಿಕೊಡುವ ಕೂಲಿಕಾರರ ಮಾರುಕಟ್ಟೆಯೂ ಅಷ್ಟರಲ್ಲಿ ಬೆಳೆದಿತ್ತು. ಹೀಗಾಗಿ ಈ ಪರೀಕ್ಷೆ ಇಂದು ನಿಜವಾಗಿ ತಡೆದು ನಿಲ್ಲಿಸುತ್ತಿರುವುದು ಕಣ್ಣು ಮಂದವಾದ ಹಿರಿಯರನ್ನು, ದೃಷ್ಟಿಹೀನರನ್ನು, ಅಕ್ಷರಗಳ ಬದಲು ಚಿತ್ರ ಗುರುತಿಸಲು ಹೇಳುವ ಒಗಟುಗಳಲ್ಲಿ ಕಾಣುವ ಪರದೇಶದ ಬೀದಿಯ ಪರಿಚಯವಿಲ್ಲದವರನ್ನು. ಇದು ಸಣ್ಣ ಅನ್ಯಾಯವಲ್ಲ.

ಇದಕ್ಕೆ ಹೋಲಿಸಿದರೆ ಹನಿಪಾಟ್ ಎಂಬ ಉಪಾಯವು ಹೆಚ್ಚು ಮಾನವೀಯವಾದುದು. ಅರ್ಜಿಯಲ್ಲಿ ಮನುಷ್ಯರಿಗೆ ಕಾಣದಂತೆ ಒಂದು ಖಾಲಿ ಅಂಕಣವನ್ನು ಇಟ್ಟಾಗ (ಪರದೆಯನ್ನು ಓದಿ ಹೇಳುವ ತಂತ್ರಾಂಶಗಳಿಂದಲೂ ಅದನ್ನು ಮರೆಮಾಡಲೇಬೇಕು), ಸಿಕ್ಕ ಜಾಗವನ್ನೆಲ್ಲ ತುಂಬುವ ಸಾಮಾನ್ಯ ಬಾಟ್ ಅದನ್ನೂ ತುಂಬಿ ಸಿಕ್ಕಿಬೀಳುತ್ತದೆ. ಚತುರ ಬಾಟ್‌ಗಳು ಇದರಿಂದಲೂ ತಪ್ಪಿಸಿಕೊಳ್ಳುತ್ತವೆ ಎಂಬುದು ನಿಜವಾದರೂ, ಪ್ರಾಮಾಣಿಕರ ಮೇಲೆ ಯಾವ ಹೊರೆಯೂ ಬೀಳುವುದಿಲ್ಲ. ಮೊದಲು ಇಂಥ ಉಪಾಯಗಳನ್ನು ಬಳಸಿ, ಅನುಮಾನ ಬಂದಾಗ ಮಾತ್ರ ಒಗಟು ಒಡ್ಡುವ ಕ್ರಮವು ಎಲ್ಲೆಡೆ ಏಕೆ ರೂಢಿಗೆ ಬಂದಿಲ್ಲ ಎಂಬುದನ್ನು ಬಲ್ಲವರು ತಿಳಿಸಬಹುದೇ?