ಎಬ್ಬಿಸುವ ಹಾಡು

ಪಕ್ಕದ ಮನೆಯ ಹುಡುಗ ಐದೂವರೆಗೆ ಅಲಾರಂ ಇಟ್ಟುಕೊಳ್ಳುತ್ತಾನೆ. ಏಳುವುದು ನಾನು. ನಮ್ಮಿಬ್ಬರ ದಿಂಬುಗಳ ನಡುವೆ ಇರುವುದು ನಾಲ್ಕೂವರೆ ಇಂಚಿನ ಗೋಡೆ. ಅದು ಅವನ ಫೋನಿನ ಟಿಣಿಕ್ ಟಿಣಿಕ್ಕನ್ನು ತಡೆಯುವ ಬದಲು, ಶ್ರುತಿ ಸೇರಿಸಿ ನನ್ನ ಕಿವಿಗೆ ದಾಟಿಸುತ್ತದೆ. ಅವನು ಕಣ್ಣು ಬಿಡದೆಯೇ ಅದರ ಬಾಯಿ ಮುಚ್ಚಿಸುತ್ತಾನೆ. ಒಂಬತ್ತು ನಿಮಿಷ ಬಿಟ್ಟು ಅದು ಮತ್ತೆ ಶುರುಹಚ್ಚಿಕೊಳ್ಳುತ್ತದೆ. ಆ ಒಂಬತ್ತು ನಿಮಿಷ ಇದೆಯಲ್ಲ, ಮಲಗುವಂತಿಲ್ಲ, ಏಳುವಂತಿಲ್ಲ. ತ್ರಿಶಂಕುವಿಗೂ ಇಷ್ಟು ಕಷ್ಟವಿದ್ದಿರಲಿಕ್ಕಿಲ್ಲ, ಅವನಿಗೆ ಕೊನೇಪಕ್ಷ ಒಂದೇ ಜಾಗ ಎಂದಾದರೂ ಖಾತ್ರಿಯಿತ್ತು. ಏಳು ಗಂಟೆಗೆ ಹುಡುಗನ ಅಮ್ಮ ಬಂದು, "ಏಳೋ, ದೋಸೆ ಆರಿಹೋಗ್ತಿದೆ" ಎಂದು ಒಂದೇ ಒಂದು ಸಲ ಹೇಳುತ್ತಾರೆ. ಹುಡುಗ ಎದ್ದುಬಿಡುತ್ತಾನೆ!

ಈ ಅನ್ಯಾಯದ ಬಗ್ಗೆ ಯೋಚಿಸುತ್ತ ಇವತ್ತು ಕಾಫಿ ಆರಿಸಿಕೊಂಡೆ. ಬೇಗ ಏಳಬೇಕು, ಫೋನು ತಲೆದೆಸೆಯಲ್ಲಿರಬಾರದು, ಇಂದಿನ ಮಕ್ಕಳು ಹೀಗೆ, ಇತ್ಯಾದಿ ಮಾತುಗಳನ್ನು ಈಗಾಗಲೇ ಬೇಕಾದಷ್ಟು ಜನ ಹೇಳಿದ್ದಾರೆ, ನಾನು ಹೇಳುವುದಿಲ್ಲ. ನನ್ನ ತಕರಾರು ಬೇರೆ. ಒಬ್ಬರನ್ನು ನಿದ್ದೆಯಿಂದ ಎಬ್ಬಿಸುವುದು ಸಣ್ಣ ಕೆಲಸವಲ್ಲ. ಅದಕ್ಕೆ ಸಲಿಗೆ ಬೇಕು, ಅಧಿಕಾರ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಮಲಗಿರುವವರ ಕಿವಿಯ ಪರಿಚಯ ಬೇಕು. ತಿರುಪತಿ ತಿಮ್ಮಪ್ಪನನ್ನೇ ತಗೊಳ್ಳಿ. ಮೂರು ಲೋಕದ ಒಡೆಯನನ್ನು ಕೂಡ ಏಳು ಎನ್ನುವ ಮೊದಲು ಅವನ ಅಮ್ಮನ ಹೆಸರು ಹೇಳಿಯೇ ಶುರುಮಾಡುತ್ತಾರೆ. ಸುಪ್ರಭಾತದ ಆ ಮೊದಲ ಶ್ಲೋಕ ಮೂಲದಲ್ಲಿ ವಾಲ್ಮೀಕಿಯದು; ಕಾಡಿನಲ್ಲಿ ಮಲಗಿದ ಹುಡುಗ ರಾಮನನ್ನು ವಿಶ್ವಾಮಿತ್ರ ಎಬ್ಬಿಸುವ ಸಂದರ್ಭ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿದ್ದ ಆ ಋಷಿಗೂ ಗೊತ್ತಿತ್ತು, ಮನೆ ಬಿಟ್ಟು ಬಂದ ಹುಡುಗನನ್ನು ಎಬ್ಬಿಸುವಾಗ ಕೌಸಲ್ಯೆಯನ್ನು ನೆನೆಯಬೇಕು ಅಂತ.

ಆಮೇಲೆ ಆಕಾಶವಾಣಿ. ಬೆಳಗಿನ ಪ್ರಸಾರಕ್ಕೆ ಮುಂಚೆ ತಂಬೂರಿಯ ಮೇಲೆ ಪಿಟೀಲು ತೇಲಿಬರುತ್ತಿತ್ತಲ್ಲ, ಆ ಧುನ್ ಕಟ್ಟಿದಾತ ವಾಲ್ಟರ್ ಕೌಫ್‌ಮನ್. ಹಿಟ್ಲರನ ಕಾಲದಲ್ಲಿ ಯೂರೋಪು ಬಿಟ್ಟು ಮುಂಬೈಗೆ ಬಂದ ಯಹೂದಿ ಸಂಗೀತಗಾರ. ಊರು ಕಳೆದುಕೊಂಡವನೊಬ್ಬ ಇನ್ನೊಂದು ಊರಿನವರನ್ನೆಲ್ಲ ದಶಕಗಳ ಕಾಲ ಮೆಲ್ಲಗೆ ಎಬ್ಬಿಸಿದ. ನಮ್ಮ ಮನೆಯಲ್ಲಿ ಆ ಧುನ್ ಮುಗಿಯುವುದರೊಳಗೆ ಒಲೆ ಹತ್ತಿರುತ್ತಿತ್ತು. ಯಾರೂ ಬೈದದ್ದು ನೆನಪಿಲ್ಲ. ಬೈಯಬೇಕೆನ್ನಿಸುವ ಸಂಗೀತ ಅದಾಗಿರಲಿಲ್ಲ.

ಈ ವಿಷಯದಲ್ಲಿ ನನಗೆ ಮೆಚ್ಚುಗೆಯಾದ ಇನ್ನೊಂದು ಸಂಸ್ಥೆ ಅಮೆರಿಕದ ನಾಸಾ. ರಾಕೆಟ್ಟಿಗಾಗಿ ಅಲ್ಲ, ರಾಕೆಟ್ಟನ್ನು ಮೆಚ್ಚುವವರು ಬೇರೆ ಇದ್ದಾರೆ. 1965ರ ಜೆಮಿನಿ ನೌಕೆಗಳ ದಿನಗಳಿಂದಲೂ ಹೂಸ್ಟನ್ನಿನ ನಿಯಂತ್ರಣ ಕೇಂದ್ರ ತನ್ನ ಗಗನಯಾತ್ರಿಗಳನ್ನು ಹಾಡು ಹಾಕಿ ಎಬ್ಬಿಸುತ್ತ ಬಂದಿದೆ. ಮೇಲೆ ಇರುವವರು ಭೂಮಿಯನ್ನು ಸುಮಾರು 90 ನಿಮಿಷಕ್ಕೊಮ್ಮೆ ಸುತ್ತುತ್ತಾರೆ. ದಿನಕ್ಕೆ 16 ಸೂರ್ಯೋದಯ. ಯಾವುದನ್ನು ಬೆಳಗು ಎನ್ನುವುದು? ಹಾಡು ಬಂದಾಗ ಬೆಳಗು ಅಷ್ಟೆ. ಆ ಹಾಡನ್ನು ಎಷ್ಟೋ ಸಲ ಆರಿಸಿ ಕೊಡುತ್ತಿದ್ದವರು ಹೆಂಡತಿ, ಗಂಡ, ಮಕ್ಕಳು, ಗೆಳೆಯರು. ಕಿವಿಯ ಪರಿಚಯ ಇದ್ದವರು.

2003ರ ಜನವರಿ 16ರಂದು ಮೇಲೇರಿದ ಕೊಲಂಬಿಯಾ ನೌಕೆಯಲ್ಲಿ ಏಳು ಜನ ಇದ್ದರು. ಪ್ರಯೋಗಗಳ ರಾಶಿಯೇ ಇದ್ದುದರಿಂದ ಕೆಂಪು ತಂಡ, ನೀಲಿ ತಂಡ ಎಂದು ಎರಡು ಪಾಳಿ ಮಾಡಿಕೊಂಡಿದ್ದರು. ಒಂದು ತಂಡ ಎದ್ದಾಗ ಇನ್ನೊಂದು ಮಲಗುತ್ತಿತ್ತು. ಎರಡಕ್ಕೂ ಬೇರೆ ಬೇರೆ ಸುಪ್ರಭಾತ. ಕೆಂಪು ತಂಡದಲ್ಲಿದ್ದವಳು ಕಲ್ಪನಾ ಚಾವ್ಲಾ. ಆಕೆಗಾಗಿ ಹಾಕಿದ ಹಾಡುಗಳಲ್ಲಿ ಡೀಪ್ ಪರ್ಪಲ್ ಎಂಬ ಇಂಗ್ಲಿಷ್ ರಾಕ್ ವಾದ್ಯವೃಂದದ 'ಸ್ಪೇಸ್ ಟ್ರಕಿನ್' ಒಂದು. ಡ್ರಮ್ಮು, ಗಿಟಾರು, ಕಿರುಚು ಎಲ್ಲ ಕೂಡಿದ ಗಟ್ಟಿ ಹಾಡು. ಅದನ್ನು ಐದೂವರೆಗೆ ಗೋಡೆಯಾಚೆಯಿಂದ ನನಗೆ ಯಾರಾದರೂ ಹಾಕಿದ್ದರೆ ಪೊಲೀಸರಿಗೆ ಫೋನ್ ಹೋಗಿರುತ್ತಿತ್ತು. ಆದರೆ ಆಕೆಗೆ ಅದು ಪ್ರಾಣ. ಆ ವಾದ್ಯವೃಂದದ ಸಿ.ಡಿ.ಗಳನ್ನು ಜೊತೆಗೇ ಒಯ್ದಿದ್ದಳು, ಮೇಲಿನಿಂದಲೇ ಅವರೊಡನೆ ಇ-ಮೇಲ್ ವಿನಿಮಯವನ್ನೂ ಮಾಡಿದ್ದಳು. ಹರಿಯಾಣದ ಕರ್ನಾಲಿನ ಹುಡುಗಿ ಅಂದರೆ ಬೆಳಗ್ಗೆ ಎದ್ದು ಭಜನೆ ಕೇಳಬೇಕು ಎಂದುಕೊಳ್ಳುವವರು ನಾವು. ಮನೆಯವರಿಗೆ ಮಾತ್ರ ಗೊತ್ತಿರುತ್ತದೆ, ಯಾರಿಗೆ ಯಾವುದು ಭಜನೆ ಅಂತ.

ಕಲ್ಪನಾ ಬಗ್ಗೆ ನಾವು ಶಾಲೆಯ ಗೋಡೆಗಳ ಮೇಲೆ ಬರೆದಿರುವುದೆಲ್ಲ ಸಾಧನೆ, ಸ್ಫೂರ್ತಿ, ಅಮರ. ಆ ಮೂರು ಮಾತಿನಡಿ ಒಬ್ಬ ಎಂಜಿನಿಯರ್ ಸಿಕ್ಕಿಹಾಕಿಕೊಂಡಿದ್ದಾಳೆ. ಆಕೆಯ ನಿಜವಾದ ಕಸುಬು ಗಾಳಿಯ ಲೆಕ್ಕ. ಚಂಡೀಗಢದ ಪಂಜಾಬ್ ಎಂಜಿನಿಯರಿಂಗ್ ಕಾಲೇಜಿನಲ್ಲಿ 1982ರಲ್ಲಿ ಏರೋನಾಟಿಕಲ್ ಪದವಿ, ಟೆಕ್ಸಾಸಿನಲ್ಲಿ ಎಂ.ಎಸ್., 1988ರಲ್ಲಿ ಕೊಲರಾಡೊದಲ್ಲಿ ಪಿಎಚ್.ಡಿ. ಆಮೇಲೆ ಕ್ಯಾಲಿಫೋರ್ನಿಯಾದ ನಾಸಾ ಏಮ್ಸ್ ಕೇಂದ್ರದಲ್ಲಿ ಹ್ಯಾರಿಯರ್ ಥರದ ವಿಮಾನಗಳ ಸುತ್ತ ಗಾಳಿ ಹೇಗೆ ಹರಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಕಟ್ಟಿ ನೋಡುವ ಕೆಲಸ. ಹ್ಯಾರಿಯರ್ ನಿಂತಲ್ಲಿಂದಲೇ ನೆಟ್ಟಗೆ ಏಳುತ್ತದೆ, ನೆಟ್ಟಗೆ ಇಳಿಯುತ್ತದೆ. ತೊಂದರೆ ಇರುವುದು ನೆಲದ ಹತ್ತಿರ. ಕೆಳಕ್ಕೆ ನುಗ್ಗಿದ ಜೆಟ್ ನೆಲಕ್ಕೆ ಬಡಿದು ವಾಪಸು ಚಿಮ್ಮುತ್ತದೆ; ಆ ಬಿಸಿಗಾಳಿಯನ್ನು ಎಂಜಿನ್ನೇ ಮತ್ತೆ ಎಳೆದುಕೊಂಡರೆ ಅದರ ಬಲ ಕುಗ್ಗುತ್ತದೆ. ಮೇಲೆ ಹಾರಾಡಿಕೊಂಡಿರುವಾಗ ಇಲ್ಲದ ರಗಳೆಯೆಲ್ಲ ನೆಲಕ್ಕೆ ಹತ್ತಿರವಾದಾಗ. ಗೃಹಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಲೆಕ್ಕ ಹಾಕುವವರು ಹಾರಬೇಕೆಂದಿಲ್ಲ. ಈಕೆ ಹಾರುತ್ತಿದ್ದಳು. ಹುಚ್ಚು ಹತ್ತಿದ್ದು ಕರ್ನಾಲಿನಲ್ಲೇ. ಆ ಊರಿನಲ್ಲಿ ಫ್ಲೈಯಿಂಗ್ ಕ್ಲಬ್ ಇತ್ತು. ಅಣ್ಣನ ಜೊತೆ ಸೈಕಲ್ಲಿನಲ್ಲಿ ಹೋಗುವಾಗ ಕತ್ತು ಮೇಲೆತ್ತಿ, ವಿಮಾನ ಯಾವ ಕಡೆ ಹೊರಟಿತು ಎಂದು ನೋಡುತ್ತಿದ್ದುದನ್ನು ಆಕೆಯೇ ಹೇಳಿಕೊಂಡಿದ್ದಾಳೆ. ಕಡೆಗೆ ಅಪ್ಪನನ್ನು ಕಾಡಿಬೇಡಿ ಕ್ಲಬ್ಬಿಗೆ ಹೋಗಿ ಹತ್ತಿದ್ದು ಒಂದು ಗ್ಲೈಡರನ್ನು, ಒಂದು ಪುಷ್ಪಕ್ ವಿಮಾನವನ್ನು.

ಪುಷ್ಪಕ್ ಅಂದರೆ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿದ್ದು! ವಿಮಾನ ವಿನ್ಯಾಸಕ ವಿ. ಎಂ. ಘಾಟಗೆಯವರ ಕಾಲದಲ್ಲಿ, 1958ರಲ್ಲಿ ಮೊದಲ ಸಲ ಹಾರಿದ್ದು. 90 ಅಶ್ವಶಕ್ತಿಯ ಎಂಜಿನ್, ತಲೆಯ ಮೇಲೆ ರೆಕ್ಕೆ, ಮೈಗೆ ಬಟ್ಟೆಯ ಹೊದಿಕೆ, ಅಕ್ಕಪಕ್ಕ ಎರಡೇ ಸೀಟು. ರಾಮಾಯಣದ ಪುಷ್ಪಕದಲ್ಲಿ ಎಷ್ಟು ಜನ ಕೂತರೂ ಇನ್ನೊಬ್ಬರಿಗೆ ಜಾಗ ಉಳಿಯುತ್ತದಂತೆ; ಎಚ್‌ಎಎಲ್‌ನವರು ಅಷ್ಟರಮಟ್ಟಿಗೆ ವಾಸ್ತವವಾದಿಗಳು. ದೇಶದ ಎಷ್ಟೋ ಫ್ಲೈಯಿಂಗ್ ಕ್ಲಬ್ಬುಗಳ ಹುಡುಗರು ಕೈ ಪಳಗಿಸಿಕೊಂಡದ್ದು ಈ ಬಡಪಾಯಿಯ ಮೇಲೆ. ಇದರ ಮುಂದೆ ಎರಡು ಗಾಲಿ, ಬಾಲದಡಿ ಒಂದು ಪುಟ್ಟ ಗಾಲಿ. ಇಂಥದ್ದನ್ನು ಇಳಿಸುವುದು ನಾಜೂಕಿನ ಕೆಲಸ ಎನ್ನುತ್ತಾರೆ ಬಲ್ಲವರು. ತೂಕ ಮುಂಗಾಲಿಗಳ ಹಿಂದೆ ಬೀಳುವುದರಿಂದ, ನೆಲ ಮುಟ್ಟಿದ ಮೇಲೂ ಬಾಲ ತಾನೇ ಮುಂದೆ ಬರಬೇಕೆಂದು ಹವಣಿಸುತ್ತಿರುತ್ತದೆ. ವಿಮಾನ ಪೂರ್ತಿ ನಿಲ್ಲುವತನಕ ಪೈಲಟ್‌ನ ಕಾಲು ರಡ್ಡರ್ ಪೆಡಲ್ ಮೇಲೆ ಎಚ್ಚರವಾಗಿರಬೇಕು. ಆಕೆ ಮುಂದೆ ವಿಮಾನ, ಗ್ಲೈಡರ್ ಎರಡನ್ನೂ ಕಲಿಸುವ ಪರವಾನಗಿ ಪಡೆದಳು. ನೀರಿನ ಮೇಲೆ ಇಳಿಯುವ ವಿಮಾನಗಳನ್ನೂ ನಡೆಸಿದಳು. ಆದರೂ ಆಕೆಯ ಖುಷಿಯ ಬಾಬತ್ತುಗಳಲ್ಲಿ ನಾಸಾದವರು ಬೇರೆಯಾಗಿಯೇ ನಮೂದಿಸಿದ್ದು ಎರಡನ್ನು: ಆಕಾಶದಲ್ಲಿ ಲಾಗ ಹಾಕುವುದು, ಬಾಲಗಾಲಿಯ ವಿಮಾನ ಹಾರಿಸುವುದು. ಮೊದಲು ಹತ್ತಿದ ವಿಮಾನದ ರುಚಿ ನಾಲಿಗೆಯಲ್ಲಿ ಉಳಿದಿತ್ತೆಂದು ನನ್ನ ಊಹೆ. ಬೆಂಗಳೂರಿನವನ ಊಹೆ, ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತದೆ.

ಮದುವೆಯೂ ಆಕಾಶದ ಕಡೆಯಿಂದಲೇ ಆಯಿತು. 1983ರ ಡಿಸೆಂಬರಿನಲ್ಲಿ ಕೈಹಿಡಿದ ಜೀನ್ ಪಿಯರ್ ಹ್ಯಾರಿಸನ್ ಹಾರಾಟದ ಶಿಕ್ಷಕ. ಆಕೆ ಹೋದ ಮೇಲೆ ಆಕೆಯ ಜೀವನವನ್ನು ಪುಸ್ತಕವಾಗಿ ಬರೆದವನೂ ಅವನೇ. ಗಂಡ ಹೆಂಡಿರು ಕೂಡಿ ಹಾರುವುದು ಅಂದಾಗ ನನಗೆ ನೆನಪಾಗುವುದು ಕಾಳಿದಾಸನ ರಘುವಂಶದ ಹದಿಮೂರನೆಯ ಸರ್ಗ. ಯುದ್ಧ ಮುಗಿದಿದೆ, ಪುಷ್ಪಕ ಲಂಕೆಯಿಂದ ಅಯೋಧ್ಯೆಗೆ ಹೊರಟಿದೆ. ರಾಮ ಸೀತೆಗೆ ಕಿಟಕಿಯಾಚೆ ತೋರಿಸುತ್ತಾನೆ: ಅದು ನಾನು ಕಟ್ಟಿಸಿದ ಸೇತುವೆ, ಅದು ಪಂಪಾ ಸರೋವರ, ಅದು ಪಂಚವಟಿ, ಅಗೋ ಗಂಗೆ ಯಮುನೆ ಕೂಡುವ ಜಾಗ. ಸೀತೆಯ ಕಾಲಿಂದ ಜಾರಿದ ಗೆಜ್ಜೆ ಸಿಕ್ಕಿದ ಸ್ಥಳವನ್ನು ಕೂಡ ಬಿಡುವುದಿಲ್ಲ. ಕಾಳಿದಾಸ ಯಾವ ವಿಮಾನ ಹತ್ತಿದ್ದನೋ ಕಾಣೆ, ಮೇಲಿಂದ ನೋಡಿದರೆ ನದಿ ಹೇಗೆ ತೆಳ್ಳಗೆ ಕಾಣುತ್ತದೆ ಎಂಬುದು ಮಾತ್ರ ಅವನಿಗೆ ಸರಿಯಾಗಿ ಗೊತ್ತಿತ್ತು. ಅಷ್ಟು ಹೊತ್ತೂ ಸೀತೆ ಒಂದು ಮಾತೂ ಆಡುವುದಿಲ್ಲ ಎಂಬುದು ಬೇರೆ ವಿಷಯ. ಕಿಟಕಿ ಪಕ್ಕದ ಸೀಟು ಮಾತ್ರ ಅವಳದೇ.

ಈಗಿನವರನ್ನು ನೋಡಿ. ದುಡ್ಡು ಕೊಟ್ಟು ಕಿಟಕಿಯ ಸೀಟು ಹಿಡಿಯುತ್ತಾರೆ, ಕೂತ ಕೂಡಲೇ ಪರದೆ ಎಳೆದು ಫೋನಿನಲ್ಲಿ ಇಳಿಸಿಟ್ಟುಕೊಂಡ ಸಿನಿಮಾ ನೋಡುತ್ತಾರೆ. ಕೆಳಗೆ ಪಶ್ಚಿಮಘಟ್ಟ ಹಸಿರಾಗಿ ಮಲಗಿರುತ್ತದೆ, ಶರಾವತಿಯ ಹಿನ್ನೀರು ಬೆಳ್ಳಗೆ ಹಬ್ಬಿರುತ್ತದೆ. ಇಂಥವರಿಗೆ ನಡುಸೀಟನ್ನು ಕಡ್ಡಾಯ ಮಾಡುವ ಕಾನೂನು ಬರಬೇಕು. ಕಲ್ಪನಾಗೆ ಕಿಟಕಿ ಅಂದರೆ ಏನೆಂದು ಗೊತ್ತಿತ್ತು. ಬಾಹ್ಯಾಕಾಶದಲ್ಲಿ ಒಮ್ಮೆ ನೌಕೆಯೊಳಗಿನ ದೀಪ ತಗ್ಗಿಸಿದ್ದಾಗ ಕಿಟಕಿಯ ಗಾಜಿನಲ್ಲಿ ತನ್ನ ಮುಖ ಕಂಡಳಂತೆ. ನೋಡುತ್ತಿದ್ದರೆ ಅವಳ ಕಣ್ಣೊಳಗೆ ಇಡೀ ಭೂಮಿ, ಆಕಾಶ. ಆಕೆ ಮಾಡಿದ ಮುಂದಿನ ಕೆಲಸ, ಜೊತೆಗಿದ್ದವರನ್ನು ಒಬ್ಬೊಬ್ಬರಾಗಿ ಕರೆದದ್ದು. ಬನ್ನಿ, ನೋಡಿ. ಎಲ್ಲರೂ ಸರದಿಯಲ್ಲಿ ಬಂದು ತಂತಮ್ಮ ಕಣ್ಣಲ್ಲಿ ಭೂಮಿ ನೋಡಿಕೊಂಡರು. ಓದಿದ ಶಾಲೆಯ ಮಕ್ಕಳನ್ನು ಕರ್ನಾಲಿನಿಂದ ಅಷ್ಟು ದೂರ ನಾಸಾ ನೋಡಲು ಬರಮಾಡಿಕೊಳ್ಳುತ್ತಿದ್ದುದೂ ಇದೇ ಚಾಳಿಯ ಮುಂದುವರಿಕೆ. ಒಂದನ್ನು ಕಂಡು ಸುಮ್ಮನಿರಲಾರದ ಜನ ಇವರು. ಸಂಸಾರವಂದಿಗರು ಎಂದು ನಾನು ಕರೆಯುವುದು ಇಂಥವರನ್ನೇ, ಮಕ್ಕಳಿರಲಿ ಬಿಡಲಿ.

2003ರ ಫೆಬ್ರವರಿ 1ರಂದು ಆದದ್ದನ್ನು ಇಲ್ಲಿ ಬೆಳೆಸುವುದಿಲ್ಲ. ಮೇಲೇರುವಾಗಲೇ ಕಳಚಿದ ನೊರೆಹೊದಿಕೆಯ ತುಂಡು ಎಡರೆಕ್ಕೆಗೆ ಬಡಿದಿತ್ತು. ಇಳಿಯಲು 16 ನಿಮಿಷ ಇರುವಾಗ ಕೊಲಂಬಿಯಾ ಚೂರಾಯಿತು. ನಮ್ಮಲ್ಲಿ ಅದು ಶನಿವಾರದ ಸಂಜೆ. ಡೀಪ್ ಪರ್ಪಲ್‌ನ ಗಿಟಾರಿನವ ಸ್ಟೀವ್ ಮೋರ್ಸ್ ಆಮೇಲೆ 'ಕಾಂಟ್ಯಾಕ್ಟ್ ಲಾಸ್ಟ್' ಎಂದು ಮಾತಿಲ್ಲದ ಒಂದು ಚಿಕ್ಕ ಕೃತಿ ನುಡಿಸಿದ. ಅವರ ಆ ವರ್ಷದ ಆಲ್ಬಮ್ಮು ಮುಗಿಯುವುದು ಅದರಲ್ಲೇ. ನಮ್ಮ ಕಡೆಯಿಂದ, ಇಸ್ರೊ 2002ರಲ್ಲಿ ಹಾರಿಸಿದ್ದ ಹವಾಮಾನ ಉಪಗ್ರಹಕ್ಕೆ ಕಲ್ಪನಾ-1 ಎಂದು ಹೆಸರಿಟ್ಟರು. ಹೆಸರಿಡುವ ಸರ್ಕಾರಿ ಉತ್ಸಾಹದ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ, ಆದರೆ ಇದು ಸರಿಯಾಗಿಯೇ ಕೂತಿತು. ಹಾಸನದ ನಿಯಂತ್ರಣ ಕೇಂದ್ರದ ಕೈಯಲ್ಲಿ ಆಡುತ್ತಿದ್ದ ಆ ಉಪಗ್ರಹಕ್ಕೆ ಮೋಡದ ಚಿತ್ರ ತೆಗೆಯುವುದೇ ಕಸುಬು. ಮುಂಗಾರು ಎಲ್ಲಿಯವರೆಗೆ ಬಂತು ಎಂದು ಟಿ.ವಿ. ಮುಂದೆ ಕೂತ ರೈತ ನೋಡುತ್ತಿದ್ದ ಚಿತ್ರಗಳಲ್ಲಿ ಅದರವೂ ಇದ್ದವು. ಬನ್ನಿ, ನೋಡಿ ಎನ್ನುವ ಕೆಲಸವೇ.

ಹೀಗೆ ಕರೆಯುವವರು ನಮ್ಮ ಮನೆಯಲ್ಲೂ ಒಬ್ಬರಿದ್ದರು, ನಮ್ಮಪ್ಪ. 1986ರ ಮಾರ್ಚಿನಲ್ಲಿ ಹ್ಯಾಲಿ ಧೂಮಕೇತು ಬಂದಾಗ ನಸುಕಿನಲ್ಲೇ ಮನೆಮಂದಿಯನ್ನೆಲ್ಲ ಎಬ್ಬಿಸಿ ತಾರಸಿ ಹತ್ತಿಸಿದರು. ಅಜ್ಜಿಯನ್ನೂ ಬಿಡಲಿಲ್ಲ. "ಅಮ್ಮಾ, ಏಳಮ್ಮ, ಎಪ್ಪತ್ತಾರು ವರ್ಷಕ್ಕೊಂದು ಸಲ ಬರೋದು" ಅಂದರು. "ಬರ್ಲಿ ಬಿಡು, ಕೂರ್ಸಿ ಕಾಫಿ ಕೊಡು" ಎಂದು ಅಜ್ಜಿ ಮಗ್ಗುಲು ಬದಲಿಸಿದರು. ಅಪ್ಪ ಬಿಡಬೇಕಲ್ಲ. ಶಾಲು ಹೊದ್ದು, ಮೊಣಕಾಲು ಹಿಡಿದುಕೊಂಡು, ಮೆಟ್ಟಿಲಿಗೊಂದು ಬೈಗುಳದಂತೆ ಹತ್ತಿ ಬಂದರು. ಆಗ್ನೇಯ ಮೂಲೆಯಲ್ಲಿ, ಕರಿಹಲಗೆಯನ್ನು ಅರ್ಧಂಬರ್ಧ ಒರೆಸಿದ ಗುರುತಿನ ಹಾಗೆ ಒಂದು ಮಸುಕು. ಅಷ್ಟೇ. ಬಾಲ ಎಲ್ಲಿ ಎಂದು ಹುಡುಕುವುದರಲ್ಲೇ ಕೋಳಿ ಕೂಗಿತು. 1910ರಲ್ಲಿ ಇದೇ ಧೂಮಕೇತು ಭರ್ಜರಿಯಾಗಿ ಕಂಡಿತ್ತಂತೆ. ಅಜ್ಜಿಯ ಅಮ್ಮ ನೋಡಿದ್ದರಂತೆ. "ನಮ್ಮಮ್ಮನಿಗೆ ಅದು, ನನಗೆ ಇದು" ಎಂದು ಗೊಣಗುತ್ತ ಅಜ್ಜಿ ಕೆಳಗಿಳಿದರು.

ಆ ಯುಗಾದಿಗೆ ನೆಂಟರು ಬಂದಾಗ ಅಜ್ಜಿ ಜಗಲಿಯಲ್ಲಿ ಕೂತು ವರ್ಣಿಸುವುದನ್ನು ಕೇಳಿದೆ. ಬಾಲ ತೆಂಗಿನ ಗರಿಯಷ್ಟಾಗಿತ್ತು. ಗೌರಿ ಹಬ್ಬದ ಹೊತ್ತಿಗೆ ಅದು ಪಕ್ಕದ ಕೇರಿಯ ಮೇಲೂ ಹಾಯುತ್ತಿತ್ತು. ಅಪ್ಪ ಪಕ್ಕದಲ್ಲೇ ಅಡಿಕೆ ಕತ್ತರಿಸುತ್ತ ಕೂತಿದ್ದರು. ಹೌದು, ಹೌದು, ಇನ್ನೂ ಸ್ವಲ್ಪ ಉದ್ದವೇ ಇತ್ತು ಅಂದರು.